ಚಳಿಗಾಲದಲ್ಲಿ ಒಂಟಿಜೇನುಗಳ ಪೋಷಣೆ

ಚಳಿಯು ಬಲಿತೊಡನೆ ಹುಳುಗಳೆಲ್ಲ ನಾಶವಾದುವೆಂದೂ, ಬೇಸಗೆಯಲ್ಲಿ ಅವು ಎಲ್ಲಿಂದಲೋ ಹೊಸದಾಗಿ ಹುಟ್ಟಿ ಬರುವುವೆಂದೂ ಸಾಮಾನ್ಯ ಜನರು ಭಾವಿಸುವುದುಂಟು. ಈ ಭಾವನೆಯು ಸರಿಯಲ್ಲ. ಬರಲಿರುವ ಬೇಸಗೆಯ ಹುಳುಗಳು ಚಳಿಗಾಲದಲ್ಲಿಯೇ ತೋಟದೊಳಗೆ ಜೀವದಿಂದಿರುತ್ತವೆ. ಆಗ ಅವುಗಳನ್ನು ಕಾಪಾಡಿದವನಿಗೆ ಮುಂದೆ ಫಲವುಂಟು. ಜಪಾನ್ ದೇಶದ ಉತ್ತರಭಾಗದಲ್ಲಿರುವ ಅವೊಮೊರಿ ಪ್ರಾಂತ್ಯದ ಸೇಬು ಬೆಳೆಗಾರರು ಇದನ್ನು ಚೆನ್ನಾಗಿ ಅರಿತಿದ್ದಾರೆ.

ಜಪಾನಿನ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಈ ಪ್ರಾಂತ್ಯದ್ದು. ಅಲ್ಲಿ ಚಳಿಗಾಲದಲ್ಲಿ ಹಿಮವು ಅಧಿಕವಾಗಿ ಬೀಳುತ್ತದೆ. ಮೇ ತಿಂಗಳಿನಲ್ಲಿ ಮರಗಳು ಹೂವೇರಿದಾಗಲೂ ಹವೆಯು ಎಷ್ಟೋ ದಿನ ತಣ್ಣಗಿದ್ದು, ಪೆಟ್ಟಿಗೆಯ ಜೇನುಗಳು ಹೊರಬೀಳಲು ಹಿಂಜರಿಯುತ್ತವೆ. ಸೇಬಿನ ಹೆಚ್ಚಿನ ತಳಿಗಳಿಗೆ ತಮ್ಮದೇ ಪರಾಗವು ಒಗ್ಗುವುದಿಲ್ಲ. ಬೇರೆ ತಳಿಯ ಪರಾಗವೇ ಬೇಕು. ಹೂವಿನ 5 ಶಲಾಕಾಗ್ರಗಳಿಗೂ ಅದು ಸಾಕಷ್ಟು ತಲಪದಿದ್ದರೆ ಬೀಜಗಳು ಕಡಮೆಯಾಗಿ ಕಾಯಿಯು ಸೊಟ್ಟಗಾಗುತ್ತದೆ. ಸೊಟ್ಟ ಕಾಯನ್ನು ಪೇಟೆಯಲ್ಲಿ ಯಾರು ಕೇಳುತ್ತಾರೆ? ಆದುದರಿಂದ ಕೈಯಿಂದಲೇ ಹೂಹೂವಿಗೂ ಪರಾಗವನ್ನು ಮುಟ್ಟಿಸಬೇಕಾಗುತ್ತಿತ್ತು. ಈ ಶ್ರಮವನ್ನು ತಪ್ಪಿಸುವುದಕ್ಕಾಗಿ 1940ರ ದಶಕದಿಂದ ಅಲ್ಲಿಯವರು ಮಾಮೆಕೊಬಾಚಿ ಎಂಬ ಒಂಟಿಜೇನನ್ನು ಸಾಕತೊಡಗಿದರು.

ಒಂಟಿಜೇನಿಗೆ ರಾಣಿಯಿಲ್ಲ, ಆಳುಗಳಿಲ್ಲ, ತೆಗೆದುಕೊಳ್ಳಲು ತುಪ್ಪವೂ ಇಲ್ಲ. ಪ್ರತಿಯೊಂದು ಹೆಣ್ಣೂ ತನ್ನ ಸಂಸಾರವನ್ನು ತಾನೇ ನಡೆಸುತ್ತದೆ. ಪೊಳ್ಳಾದ ಲಾಳದ ಕಡ್ಡಿಯನ್ನು ಹೊಕ್ಕು, ಪರಾಗಕ್ಕೆ ಮಕರಂದವನ್ನು ಬೆರೆಸಿ ಉಂಡೆಮಾಡಿಟ್ಟು, ಅದರ ಮೇಲೊಂದು ಮೊಟ್ಟೆಯನ್ನಿಟ್ಟು, ಹಸಿಮಣ್ಣಿನಿಂದ ಗೋಡೆಯನ್ನು ಕಟ್ಟುತ್ತದೆ. ಅದರ ಮುಂದೆ ಇನ್ನೊಂದು ಕೋಣೆ. ಒಳಗಿನ ಕೋಣೆಗಳಲ್ಲಿ ಹೆಣ್ಣಿನ ಮೊಟ್ಟೆಗಳು, ಬಾಯಿಯ ಕಡೆ ಗಂಡಿನವು. ಮರಿಹುಳುವು ಉಂಡೆಯನ್ನು ತಿಂದು, ರೇಷ್ಮೆಹುಳುವಿನಂತೆ ಗೂಡುಕಟ್ಟಿ, ಚಳಿಗೆ ಮುಂಚೆಯೇ ರೆಕ್ಕೆ ಬಲಿತ ಜೇನಾಗುತ್ತದೆ. ಆದರೂ ಹೊರಕ್ಕೆ ಬಾರದೆ, ಮೈಯ ಕೊಬ್ಬನ್ನು ಸ್ವಲ್ಪಸ್ವಲ್ಪವಾಗಿ ವೆಚ್ಚಮಾಡುತ್ತ, ಗೂಡಿನೊಳಗೇ ತಿಂಗಳುಗಟ್ಟಲೆ ಇರುತ್ತದೆ. (ಕಲಬುರಗಿ ಸೀಮೆಯ ತೊಗರಿಯ ಹೂವಿಗೆ ಬರುವ ಎಲೆ ಕತ್ತರಿಸುವ ಜೇನು ಇದರ ದಾಯಾದಿಯೇ.)

ಈ ಹುಳುವಿಗೆ ಚಳಿಯು ಶತ್ರುವಲ್ಲ, ಅಕಾಲದ ಬಿಸಿಯೇ ಶತ್ರು. ಕಡ್ಡಿಗಳನ್ನು ಬೆಚ್ಚಗಿನ ಮನೆಯೊಳಗೆ ತಂದಿಟ್ಟರೆ ಕೊಬ್ಬು ಬೇಗನೆ ಕರಗಿ ಜೇನು ಸೊರಗುತ್ತದೆ. ಇಲ್ಲವೆ ಹೂವಿಲ್ಲದ ಕಾಲದಲ್ಲಿ ಹೊರಬಿದ್ದು ಹಸಿವಿನಿಂದ ಸಾಯುತ್ತದೆ. ದಯೆಯಿಂದ ಮಾಡಿದ ಕೆಲಸವೇ ಹೀಗೆ ಕೊಲೆಯಾಗುವುದು. ಬೆಂಕಿಯ ಕಾವಿಲ್ಲದ, ನೆರಳುಳ್ಳ ಕೊಟ್ಟಿಗೆಯೇ ಇವಕ್ಕೆ ತಕ್ಕ ಸ್ಥಳ. ಇಲಿಗಳು ನುಗ್ಗದಂತೆ ತಂತಿಯ ಬಲೆಯನ್ನು ಹೊದಿಸಬೇಕು. ಕಡ್ಡಿಗಳನ್ನು ಸೀಳಿ, ಗೂಡುಗಳನ್ನು ಬೇರ್ಪಡಿಸಿ, ನುಸಿ ಹತ್ತಿದ ಕೋಣೆಗಳ ಕಸವನ್ನು ತೆಗೆದುಹಾಕುವುದಕ್ಕೆ ಚಳಿಗಾಲವೇ ಅನುಕೂಲವಾದುದು. ಈ ನುಸಿಯು ಮರಿಯ ಪಾಲಿನ ಪರಾಗವನ್ನು ತಿಂದು, ಬಳಿಕ ಹೊರಡುವ ಜೇನಿನ ಮೈಗೆ ಅಂಟಿಕೊಂಡು ಹೊಸ ಗೂಡಿಗೂ ಹೋಗುತ್ತದೆ. ಹಳೆಯ ಕಡ್ಡಿಗಳನ್ನೇ ವರ್ಷವರ್ಷವೂ ಬಳಸುವವರ ತೋಟದಲ್ಲಿ ಜೇನು ಕ್ಷೀಣಿಸುವುದಕ್ಕೆ ಇದೊಂದು ಮುಖ್ಯ ಕಾರಣ. ಹೊಸ ಕಡ್ಡಿಗಳನ್ನೂ ಬಿಡುವಿರುವ ಈ ಕಾಲದಲ್ಲಿಯೇ ಕತ್ತರಿಸಿಡಬೇಕು. ಗೆಣ್ಣು ಹಿಂಬದಿಗೆ ಬರುವಂತೆ ಕತ್ತರಿಸಿದರೆ ಒಂದು ಕೊನೆಯು ತಾನಾಗಿಯೇ ಮುಚ್ಚಿರುತ್ತದೆ.

ವಸಂತವು ಮುಂಚಿತವಾಗಿ ಬೆಚ್ಚಗಾದ ವರ್ಷ ಗೂಡುಗಳನ್ನು ಶೀತಾಗಾರದಲ್ಲಿಟ್ಟು, ಹೂವು ಅರಳುವ ಕಾಲಕ್ಕೆ ಸರಿಯಾಗಿ ಹೊರತರುತ್ತಾರೆ. ಮೊದಲು ಗಂಡುಗಳು ಬಂದು ಕಡ್ಡಿಗಳ ಬಳಿ ಸುಳಿದಾಡುತ್ತವೆ. ಕೆಲವು ದಿನಗಳ ಮೇಲೆ ಹೆಣ್ಣುಗಳು. ಹೆಣ್ಣು ಪರಾಗವನ್ನು ಹೊಟ್ಟೆಯಡಿಯ ಕೂದಲಿನಲ್ಲಿ ಒಣದಾಗಿಯೇ ಹೊರುವುದರಿಂದ ಅದು ಹೂವಿಂದ ಹೂವಿಗೆ ಸುಲಭವಾಗಿ ತಗಲುತ್ತದೆ. ಈ ಗುಣವನ್ನು ಕಂಡು ಅಮೆರಿಕದವರೂ 1970ರ ದಶಕದ ಕೊನೆಯಲ್ಲಿ ಇದನ್ನು ಮೇರಿಲ್ಯಾಂಡಿಗೆ ತರಿಸಿಕೊಂಡರು. ಇದು ದೂರ ಹಾರುವ ಹುಳುವಲ್ಲ; ಆದುದರಿಂದ ಕಡ್ಡಿಯ ಕಟ್ಟುಗಳನ್ನು ತೋಟದಲ್ಲಿ ಅಲ್ಲಲ್ಲಿ ಹಂಚಿಡಬೇಕು, ಹತ್ತಿರದಲ್ಲಿ ಹಸಿಮಣ್ಣಿರಬೇಕು, ಹೂವಿರುವಷ್ಟು ದಿನ ಕೀಟನಾಶಕವನ್ನು ಸಿಂಪಡಿಸಕೂಡದು. ಹೂವು ಉದುರಿ, ಕಡ್ಡಿಗಳ ಬಾಯಿಗೆ ಮಣ್ಣು ಬಿದ್ದ ಮೇಲೆ ಕೆಲವು ವಾರಗಳವರೆಗೆ ಕಟ್ಟುಗಳನ್ನು ಅಲುಗಿಸಬಾರದು; ಅಲುಗಿದರೆ ಎಳೆಯ ಮರಿಯು ಉಂಡೆಯಿಂದ ಕಳಚಿಬಿದ್ದು ಸಾಯುವುದು.