ಅಮೃತಶಿಲೆಯ ನೆರಿಗೆ, ರೇಷ್ಮೆಯ ನೆರಿಗೆ

ಮುಖದ ಫೋಟೋ ತೆಗೆಯುವುದಕ್ಕಿಂತ ಬಟ್ಟೆಯದ್ದು ತೆಗೆಯುವುದು ಕಷ್ಟ. ಮದುವೆ ಮನೆಗಳಲ್ಲಿ ರೇಷ್ಮೆ ಸೀರೆಗಳಿಗೆ ಬೆಳಕು ಹೊಂದಿಸುತ್ತಲೇ ವಯಸ್ಸು ಕಳೆದವನು ನಾನು. ಬೆಳಕು ಎದುರಿನಿಂದ ಬಿದ್ದರೆ ನೆರಿಗೆ ಸತ್ತೇಹೋಗುತ್ತದೆ. ತೀರಾ ಪಕ್ಕದಿಂದ ಬಂದರೆ ಒಂದೊಂದು ಮಡಿಕೆಯೂ ಕಪ್ಪು ಗೆರೆ. ಹಾಗಾಗಿ ಛಾಯಾಗ್ರಾಹಕ ಪಾಸ್ಕ್ವಾಲೆ ದೆ ಆಂತೋನಿಸ್ ಅವರ ಚಿತ್ರಗಳಲ್ಲಿ ನನ್ನ ಕಣ್ಣು ರೂಪದರ್ಶಿಯ ಮುಖಕ್ಕಿಂತ ಮೊದಲು ಉಡುಪಿನ ಇಳಿಜಾರಿಗೆ ಹೋಗುತ್ತದೆ.

ಇಟಲಿಯ ಅಬ್ರುತ್ಸೊ ಸೀಮೆಯ ತೆರಾಮೊ ಊರಿನಲ್ಲಿ 1908ರಲ್ಲಿ ಹುಟ್ಟಿದ ಅವರು, ಪೆಸ್ಕಾರಾದಲ್ಲಿ ಸ್ಟುಡಿಯೋ ನಡೆಸುತ್ತ 1930ರ ದಶಕದಲ್ಲಿ ಆ ಬೆಟ್ಟದೂರುಗಳ ಹಬ್ಬ, ಹರಕೆ, ಯಾತ್ರೆಗಳನ್ನು ಸೆರೆಹಿಡಿದರು. ಆಮೇಲೆ ರೋಮ್ ಸೇರಿ ಪಿಯಾತ್ಸಾ ದಿ ಸ್ಪಾನ್ಯಾದಲ್ಲಿ ನೆಲೆಯಾದರು.

ಎರಡನೇ ಮಹಾಯುದ್ಧ ಮುಗಿದಾಗ ಫ್ಯಾಷನ್ ಎಂದರೆ ಪ್ಯಾರಿಸ್. ಇಟಲಿಯ ಹೊಲಿಗೆಮನೆಗಳಲ್ಲಿ ಕೈಚಳಕಕ್ಕೆ ಕೊರತೆಯಿರಲಿಲ್ಲ, ಮಾದರಿ ಮಾತ್ರ ಫ್ರಾನ್ಸಿನಿಂದ ಬರಬೇಕಿತ್ತು. ಈ ಹಂಗನ್ನು ಹರಿಯಲು ಹೊರಟವರಲ್ಲಿ ಇರೇನೆ ಬ್ರಿನ್ ಎಂಬ ಕಾವ್ಯನಾಮದ ಪತ್ರಕರ್ತೆ ಮುಖ್ಯಳು. ಆಕೆ ಮತ್ತು ಪತಿ ಗಾಸ್ಪೆರೊ ದೆಲ್ ಕೊರ್ಸೊ 1946ರಲ್ಲಿ ರೋಮಿನ ವಿಯಾ ಸಿಸ್ತಿನಾದಲ್ಲಿ 'ಒಬೆಲಿಸ್ಕೊ' ಕಲಾ ಗ್ಯಾಲರಿ ತೆರೆದರು. 'ಬೆಲ್ಲೆತ್ಸಾ' ಪತ್ರಿಕೆಗೆ ಆಕೆಯ ಬರಹ, ದೆ ಆಂತೋನಿಸರ ಕ್ಯಾಮೆರಾ.

ದೆ ಆಂತೋನಿಸ್ ಉಡುಪುಗಳನ್ನು ರೋಮಿನ ಅರಮನೆಗಳಿಗೂ ಪ್ರಾಚೀನ ಶಿಲ್ಪಗಳ ಬಳಿಗೂ ಒಯ್ದರು. ಇದನ್ನು ಬರೀ ಅಲಂಕಾರವೆಂದು ನೋಡಿದರೆ ತಪ್ಪು. ರೋಮನ್ ಶಿಲ್ಪಿ ಕಲ್ಲಿನಲ್ಲಿ ಕೆತ್ತಿದ್ದೂ ಬಟ್ಟೆಯನ್ನೇ: ಭುಜದಿಂದ ಜಾರುವ ಸೆರಗು, ಮಂಡಿಯ ಮೇಲೆ ಬಿಗಿಯುವ ಮಡಿಕೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬಣ್ಣ ಅಳಿದು ಬೆಳಕಿನ ಏರಿಳಿತವಷ್ಟೇ ಉಳಿಯುವುದರಿಂದ ಆ ಕಲ್ಲೂ ಈ ಸ್ಯಾಟಿನ್ನೂ ಒಂದೇ ವಂಶದವಾಗಿ ಕಾಣುತ್ತವೆ. ನಿನ್ನೆ ಹೊಲಿದ ಗೌನಿಗೆ ಎರಡು ಸಾವಿರ ವರ್ಷದ ಮನೆತನ ಒದಗುತ್ತದೆ! ಅದು ಪ್ಯಾರಿಸ್ಸಿನಿಂದ ಬಂದ ಮಾದರಿಯೆಂದು ಆಮೇಲೆ ಯಾರಿಗೂ ಅನ್ನಿಸದು. ರೂಪದರ್ಶಿಯರೂ ಮಾರಾಟಕ್ಕೆ ನಗುವವರಲ್ಲ, ನಿಂತ ಜಾಗಕ್ಕೆ ಸೇರಿದವರು. ಅಬ್ರುತ್ಸೊದಲ್ಲಿ ಹರಕೆ ಹೊತ್ತವರನ್ನು ಸಲುಗೆಯಿಲ್ಲದ ಗೌರವದಿಂದ ನೋಡಿದ್ದ ಕಣ್ಣೇ ಇಲ್ಲೂ ದುಡಿದಿದೆ ಎಂದು ನನ್ನ ನಂಬಿಕೆ. ನಿರ್ದೇಶಕ ಲುಕಿನೊ ವಿಸ್ಕೋಂತಿಯ ನಾಟಕಗಳನ್ನೂ ಅವರು ಚಿತ್ರಿಸಿದ್ದರು. ರಂಗದ ಮೇಲೆ ಮನುಷ್ಯರನ್ನು ನಿಲ್ಲಿಸುವ ಬಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಜೊವಾನ್ನಿ ಬತ್ತಿಸ್ತಾ ಜೋರ್ಜೀನಿ ಎಂಬ ರಫ್ತು ವ್ಯಾಪಾರಿ 1951ರ ಫೆಬ್ರವರಿ 12ರಂದು ಫ್ಲಾರೆನ್ಸಿನ ತನ್ನ ಮನೆಯಲ್ಲಿ ಅಮೆರಿಕದ ವ್ಯಾಪಾರಿಗಳೆದುರು ಇಟಲಿಯ ಉಡುಪುಗಳ ಪ್ರದರ್ಶನ ಏರ್ಪಡಿಸಿದ. ಇಟಲಿಯ ಫ್ಯಾಷನ್ ಚರಿತ್ರೆ ಅಲ್ಲಿಂದ ಶುರುವಾಯಿತು ಎನ್ನುವುದು ರೂಢಿ. ವ್ಯಾಪಾರದ ಲೆಕ್ಕಕ್ಕೆ ಅದು ಸರಿ. ಆದರೆ ಆ ಉಡುಪುಗಳು ಇಟಲಿಯವೆಂದು ಕಣ್ಣಿಗೆ ಕಂಡದ್ದು ಅದಕ್ಕೂ ಮುಂಚೆ, ರೋಮಿನ ಈ ಚಿತ್ರಗಳಲ್ಲಿ.