ಚೀನೀ ಹೊಸ ವರ್ಷದ ತಟ್ಟೆ: ನಿಜವೆಷ್ಟು, ವದಂತಿ ಎಷ್ಟು?

ಚೀನೀಯರ ಹೊಸ ವರ್ಷ ಬಂತೆಂದರೆ ಅದೃಷ್ಟದ ತಿನಿಸು, ಆಚರಣೆಗಳ ಪಟ್ಟಿಯೊಂದು ವಾಟ್ಸಾಪ್‌ನಲ್ಲಿ ಓಡಾಡತೊಡಗುತ್ತದೆ. ನಾವೂ ಅದನ್ನು ನಂಬಿ ನಾಲ್ಕು ಜನಕ್ಕೆ ಕಳಿಸಿದವರೇ. ಅದರಲ್ಲಿ ಕೆಲವಕ್ಕೆ ಬುಡವೇ ಇಲ್ಲ. ಕೆಲವಕ್ಕೆ ಬುಡವಿದೆ, ಆದರೆ ನಾವಂದುಕೊಂಡ ಕಡೆ ಇಲ್ಲ.

ತಪ್ಪು ಕಲ್ಪನೆ: ಭವಿಷ್ಯದ ಚೀಟಿ ಅಡಗಿಸಿಟ್ಟ ಫಾರ್ಚೂನ್ ಕುಕಿ ಚೀನಾದ ಪುರಾತನ ಹಬ್ಬದ ತಿನಿಸು.

ವಾಸ್ತವ: ಚೀನಾದ ಹಬ್ಬದಡುಗೆಯಲ್ಲಿ ಇದಕ್ಕೆ ಜಾಗವೇ ಇಲ್ಲ. ಮೂಲ ಜಪಾನ್. ಕ್ಯೋಟೋದ ಫುಶಿಮಿ ಇನಾರಿ ದೇಗುಲದ ಬೀದಿಯಲ್ಲಿ ಎಳ್ಳು, ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಬೆರೆಸಿ ಸುಟ್ಟ ಇಂಥದೇ ಬಿಸ್ಕತ್ತು ಸಿಗುತ್ತದೆ. ಅದು ಗಾತ್ರದಲ್ಲಿ ದೊಡ್ಡದು, ಬಣ್ಣ ಕಂದು. ಚೀಟಿ ಒಳಗಿರುವುದಿಲ್ಲ, ಮಡಿಕೆಯ ಸಂದಿಯಲ್ಲಿ ಸಿಕ್ಕಿಸಿರುತ್ತಾರೆ. ಜಪಾನಿ ವಲಸಿಗರು ಅದನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದರು. 1942ರಲ್ಲಿ ಅಮೆರಿಕ ಸರ್ಕಾರ ಅವರನ್ನು ಬಂಧನ ಶಿಬಿರಗಳಿಗೆ ಅಟ್ಟಿದಾಗ ಅವರ ಬೇಕರಿಗಳು ಮುಚ್ಚಿದವು, ವ್ಯಾಪಾರ ಅಲ್ಲಿನ ಚೀನೀಯರ ಕೈಗೆ ಬಂತು. ಹೆಸರೂ ಅವರದೇ ಆಯಿತು.

ತಪ್ಪು ಕಲ್ಪನೆ: ಹಬ್ಬದ ರಾತ್ರಿ ಇಡೀ ಚೀನಾ ಜಿಯಾವ್‌ಜಿ ತಿನ್ನುತ್ತದೆ.

ವಾಸ್ತವ: ಉತ್ತರದವರು ತಿನ್ನುತ್ತಾರೆ, ಅಲ್ಲಿ ಗೋಧಿ ಬೆಳೆಯುತ್ತದೆ. ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿ ಮಡಚಿದ ಈ ತಿನಿಸು ಹಳೆಯ ಕಾಲದ ಬೆಳ್ಳಿಗಟ್ಟಿಯ ಆಕಾರದಲ್ಲಿರುತ್ತದೆ. ಒಂದರೊಳಗೆ ನಾಣ್ಯ ಅಡಗಿಸುವ ಮನೆಗಳೂ ಉಂಟು. ಅಕ್ಕಿ ಬೆಳೆಯುವ ದಕ್ಷಿಣದಲ್ಲಿ ಅಂಟಕ್ಕಿ ಹಿಟ್ಟಿನ ನಿಯನ್‌ಗಾವ್ ಮುಖ್ಯ. ಇನ್ನು ಎಲ್ಲರೂ ಸುತ್ತ ನಿಂತು ಚಾಪ್‌ಸ್ಟಿಕ್‌ನಿಂದ ಹಸಿ ಮೀನು, ತರಕಾರಿಯನ್ನು ಮೇಲಕ್ಕೆ ಹಾರಿಸುವ ವಿಡಿಯೊ ಸಾಮಾನ್ಯವಾಗಿ ಸಿಂಗಪುರ ಇಲ್ಲವೇ ಮಲೇಷ್ಯಾದ್ದು. ಅದರ ಈಗಿನ ರೂಪವನ್ನು 1964ರಲ್ಲಿ ಸಿಂಗಪುರದ ನಾಲ್ವರು ಬಾಣಸಿಗರು ಜನಪ್ರಿಯಗೊಳಿಸಿದರು.

ತಪ್ಪು ಕಲ್ಪನೆ: ದೇವರಿಗೆ ಹೆದರಿ ಹಬ್ಬದ ಮೀನನ್ನು ಪೂರ್ತಿ ತಿನ್ನದೆ ಬಿಡುತ್ತಾರೆ.

ವಾಸ್ತವ: ಹೆದರಿಕೆ ಏನೂ ಇಲ್ಲ, ಇದು ಉಚ್ಚಾರಣೆಯ ಆಟ. ಮ್ಯಾಂಡರಿನ್‌ನಲ್ಲಿ ಮೀನಿಗೂ 'ಯು', ಮಿಗುವುದಕ್ಕೂ 'ಯು'. ತಟ್ಟೆಯಲ್ಲಿ ಮೀನು ಮಿಕ್ಕಂತೆ ಮನೆಯಲ್ಲಿ ವರ್ಷವೆಲ್ಲ ಮಿಗಲಿ ಎಂಬ ಹಾರೈಕೆ. ಹಾಗಂತ ಎಸೆಯುವುದಿಲ್ಲ, ಉಳಿದದ್ದು ಮರುದಿನದ ಊಟಕ್ಕೆ ಬರುತ್ತದೆ. ಅಂಕಿಗಳಲ್ಲೂ ಇದೇ ಆಟ. 4 ಎಂಬ ಅಂಕಿಯ ಉಚ್ಚಾರ ಸಾವನ್ನು ನೆನಪಿಸುವುದರಿಂದ ಅದಕ್ಕೆ ಮುಖ ತಿರುಗಿಸುತ್ತಾರೆ; 8 ಏಳಿಗೆಯನ್ನು ನೆನಪಿಸುತ್ತದೆ. ಬೀಜಿಂಗ್ ಒಲಿಂಪಿಕ್ಸ್ 2008ರ ಆಗಸ್ಟ್ 8ರ ರಾತ್ರಿ 8ಕ್ಕೆ ಆರಂಭವಾದದ್ದು ಸುಮ್ಮನೆ ಅಲ್ಲ. ಇದನ್ನು ನೋಡಿ ನಗುವ ಮುನ್ನ, ನಾವು ಮುಯ್ಯಿ ಕವರಿಗೆ ಸೇರಿಸುವ ಆ ಒಂದು ರೂಪಾಯಿ ನೆನಪಿರಲಿ.

ತಪ್ಪು ಕಲ್ಪನೆ: ನಿಯನ್ ಎಂಬ ರಾಕ್ಷಸ ಮೃಗವನ್ನು ಓಡಿಸಲು ಸಾವಿರಾರು ವರ್ಷಗಳಿಂದ ಪಟಾಕಿ ಹೊಡೆಯುತ್ತಿದ್ದಾರೆ.

ವಾಸ್ತವ: ಸದ್ದು ಹಳೆಯದು, ಈ ಕಥೆ ಹೊಸದು. ಚೀನಾದ ಯಾಂಗ್ಟ್ಸಿ ನದಿಯ ಮಧ್ಯಭಾಗದ ಆಚರಣೆಗಳನ್ನು ದಾಖಲಿಸಿದ 6ನೇ ಶತಮಾನದ ಗ್ರಂಥವೊಂದರಲ್ಲಿ, ಹೊಸ ವರ್ಷದ ಮುಂಜಾನೆ ಮನೆ ಮುಂದೆ ಬೆಂಕಿಗೆ ಬಿದಿರು ಹಾಕಿ ಬೆಟ್ಟದ ಪಿಶಾಚಿಗಳನ್ನು ಬೆದರಿಸುತ್ತಿದ್ದ ವಿವರವಿದೆ. ಗೆಣ್ಣುಗಳ ನಡುವಿನ ಗಾಳಿ ಕಾದು ಬಿದಿರು ಸಿಡಿಯುತ್ತದೆ. ನಿಯನ್ ಮೃಗದ ಸುದ್ದಿ ಅಲ್ಲಿಲ್ಲ.

ತಪ್ಪು ಕಲ್ಪನೆ: ಬೆಂಗಳೂರಿನ ಆಫೀಸು ಮೇಜುಗಳ ಮೇಲಿನ ಲಕ್ಕಿ ಬ್ಯಾಂಬೂ ಚೀನಾದ ಬಿದಿರು.

ವಾಸ್ತವ: ಅದು ಬಿದಿರೇ ಅಲ್ಲ. ಡ್ರೆಸೀನಾ ಜಾತಿಯ ಗಿಡ, ತವರು ಆಫ್ರಿಕಾ. ಅದೃಷ್ಟ ತರುತ್ತದೋ ಇಲ್ಲವೋ, ಸೊಳ್ಳೆಯನ್ನಂತೂ ತಂದಿದೆ: 2001ರಲ್ಲಿ ಚೀನಾದಿಂದ ಕ್ಯಾಲಿಫೋರ್ನಿಯಾಕ್ಕೆ ನೀರಿನಲ್ಲಿಟ್ಟು ಕಳಿಸಿದ ಈ ಗಿಡಗಳ ಜೊತೆ, ಡೆಂಗಿ ಹರಡಬಲ್ಲ ಏಷ್ಯನ್ ಟೈಗರ್ ಸೊಳ್ಳೆ ಬಂದಿಳಿದಿತ್ತು. ನಿಮ್ಮ ಮೇಜಿನ ಮೇಲೆ ಆ ಗಿಡವಿದ್ದರೆ ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ, ಪಾತ್ರೆ ಉಜ್ಜಿ ತೊಳೆಯಿರಿ.