ಸಾಕುಮೊಲದ ವ್ಯಾಧಿಗಳೂ ತುರ್ತು ಶುಶ್ರೂಷೆಯೂ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನು ಕುರಿತು

ಕನ್ನಡದಲ್ಲಿ ಮೊಲವೆಂಬ ಒಂದೇ ಮಾತು ಎರಡು ಬೇರೆ ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ಹನೂರಿನ ಕುರುಚಲು ಕಾಡಿನಲ್ಲಿಯೂ ಕೊಳ್ಳೇಗಾಲ, ಯಳಂದೂರುಗಳ ಹೊಲದ ಬದುಗಳಲ್ಲಿಯೂ ಇರುವುದು ಕಾಡುಮೊಲ. ಮನೆಗಳಲ್ಲಿ ಗೂಡಿನೊಳಗಿಟ್ಟು ಸಾಕುವುದು ಐರೋಪ್ಯ ಮೂಲದ ಸಾಕುಮೊಲ. ಹೆಸರು ಒಂದೇ ಆದುದರಿಂದ, ಕಾಡುಮೊಲವು ತಾಳಿದ ಬಿಸಿಲನ್ನು ಸಾಕುಮೊಲವೂ ತಾಳೀತೆಂದು ಭಾವಿಸುವುದು ಸಹಜ. ಆದರೆ ಈ ಭಾವನೆಯೇ ಸಾಕುಮೊಲದ ಪ್ರಾಣಕ್ಕೆ ಎರವಾಗಬಲ್ಲುದು. ಇದರ ಕಾರಣವನ್ನೂ, ಅಪಾಯದ ವೇಳೆಯಲ್ಲಿ ಮಾಡತಕ್ಕ ಶುಶ್ರೂಷೆಯನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ಕಾಡುಮೊಲವು ಬಿಲ ತೋಡುವುದಿಲ್ಲ; ಪೊದೆಯ ನೆರಳಿನ ತಗ್ಗಿನಲ್ಲಿ ಮಲಗುತ್ತದೆ. ಅದರ ಮರಿಗಳು ಮೈತುಂಬ ಕೂದಲಿನೊಡನೆ, ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದಕ್ಕೆ ರಕ್ಷಣೆಯನ್ನಿತ್ತಿರುವುದರಿಂದ ಹಿಡಿದು ಸಾಕುವಂತಿಲ್ಲ. ಸಾಕುಮೊಲದ ಪೂರ್ವಜರಾದರೋ ಸ್ಪೇನ್, ಪೋರ್ಚುಗಲ್ ಸೀಮೆಯ ಬಿಲವಾಸಿಗಳು. ಬಿಸಿಲೇರಿದಾಗ ನೆಲದೊಳಗಿನ ತಂಪನ್ನು ಆಶ್ರಯಿಸುವುದು ಅವುಗಳ ಸ್ವಭಾವ. ಬೆವರಿ ಮೈಯನ್ನು ತಣಿಸಿಕೊಳ್ಳುವ ಶಕ್ತಿ ಅವಕ್ಕಿಲ್ಲ. ಹೆಚ್ಚಿನ ಶಾಖವು ಮುಖ್ಯವಾಗಿ ಕಿವಿಗಳ ರಕ್ತನಾಳಗಳ ಮೂಲಕ ಹೊರಹೋಗಬೇಕು. ಗಾಳಿಯ ಉಷ್ಣತೆಯು 30 ಡಿಗ್ರಿ ಸೆಲ್ಸಿಯಸನ್ನು ಮೀರಿದಾಗ ಈ ಏರ್ಪಾಡು ಸಾಲದಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಬಯಲಿನಲ್ಲಿ ಮಾರ್ಚಿಯಿಂದ ಮೇ ತಿಂಗಳವರೆಗೆ ಮಧ್ಯಾಹ್ನದ ಬಿಸಿಲು ಈ ಮಿತಿಯನ್ನು ಸಾಮಾನ್ಯವಾಗಿ ದಾಟುತ್ತದೆ. ತಗಡಿನ ಮಾಡಿನ ಕೆಳಗಿಟ್ಟ ಗೂಡು ಮತ್ತಷ್ಟು ಕಾಯುತ್ತದೆ.

ಎರಡನೆಯ ಅಪಾಯ ಕರುಳಿಗೆ ಸಂಬಂಧಪಟ್ಟುದು. ಮೊಲದ ಕರುಳು ಎಡೆಬಿಡದೆ ಚಲಿಸುತ್ತಿರಬೇಕು. ಆ ಚಲನೆಗೆ ಆಧಾರ ಹುಲ್ಲಿನ ನಾರು. ಜೀವಮಾನವೆಲ್ಲ ಬೆಳೆಯುವ ಅದರ ಹಲ್ಲುಗಳು ಸವೆಯುವುದೂ ಹುಲ್ಲಿನಿಂದಲೇ. ಸೆಕೆ, ಭಯ, ಹಲ್ಲುನೋವು ಮೊದಲಾದ ಯಾವುದೇ ಕಾರಣದಿಂದ ಮೇವು ನಿಂತರೆ ಕರುಳು ಮಂದವಾಗುತ್ತದೆ, ವಾಯು ತುಂಬುತ್ತದೆ, ನೋವು ಹೆಚ್ಚುತ್ತದೆ. ನೋವಿನಿಂದ ಮೇವು ಇನ್ನೂ ದೂರವಾಗುತ್ತದೆ. ಮೊಲವು ವಾಂತಿ ಮಾಡಲಾರದು. ಬೇಟೆಗೆ ಈಡಾಗುವ ಪ್ರಾಣಿಯಾದುದರಿಂದ ಅದು ನೋವನ್ನು ಮರೆಸಿಕೊಳ್ಳುವುದೂ ಉಂಟು. ಕಿವಿಯ ಕಜ್ಜಿ, ಪಾದದ ಹುಣ್ಣು ಮುಂತಾದ ವ್ಯಾಧಿಗಳಲ್ಲಿ ಚಿಕಿತ್ಸೆಗೆ ಕೆಲವು ದಿನಗಳ ಅವಕಾಶವಿರುತ್ತದೆ. ಇಲ್ಲಿ ಲೆಕ್ಕವೆಲ್ಲ ಗಂಟೆಗಳದು. ಹಗಲಾಗಲಿ ಇರುಳಾಗಲಿ, 12 ಗಂಟೆಗಳ ಕಾಲ ಮೇಯದ, ಹಿಕ್ಕೆ ಹಾಕದ ಮೊಲವನ್ನು ಪಶುವೈದ್ಯರು ನೋಡಲೇಬೇಕು.

ಈ ಸೀಮೆಯಲ್ಲಿ ರೇಷ್ಮೆಯ ಕಸುಬಿನಿಂದಾಗಿ ಹಿಪ್ಪುನೇರಳೆ ಸೊಪ್ಪು ಸುಲಭವಾಗಿ ದೊರೆಯುತ್ತದೆ. ಅದು ಮೊಲಕ್ಕೆ ಒಳ್ಳೆಯ ಮೇವೇ. ಆದರೆ ಹುಲ್ಲಿಗೆ ಬದಲಿಯಲ್ಲ. ಕೀಟನಾಶಕ ಸಿಂಪಡಿಸಿದ ತೋಟದ ಸೊಪ್ಪನ್ನಂತೂ ಕೊಡಲಾಗದು.

ಮೊಲವು ಏದುತ್ತ, ಕಿವಿ ಕೆಂಪಾಗಿ, ಮೈಚೆಲ್ಲಿ ಬಿದ್ದಿದ್ದರೆ ಬಿಸಿಲಿನ ಆಘಾತವೆಂದು ತಿಳಿಯತಕ್ಕದ್ದು. ಒಡನೆಯೇ ಗಾಳಿಯಾಡುವ ನೆರಳಿಗೆ ಸಾಗಿಸಿ, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿಗಳನ್ನು ಒದ್ದೆ ಮಾಡಬೇಕು. ಮಂಜುಗಡ್ಡೆಯನ್ನು ಒತ್ತುವುದು, ನೀರಿನಲ್ಲಿ ಮುಳುಗಿಸುವುದು ಹಾನಿಕರ. ಇದಕ್ಕೆ ವ್ಯತಿರಿಕ್ತವಾಗಿ, ಮೇವು ಬಿಟ್ಟ ಮೊಲದ ಕಿವಿಗಳು ತಣ್ಣಗಾಗಿದ್ದರೆ ಬಟ್ಟೆ ಹೊದಿಸಿ ಬೆಚ್ಚಗಿಡಬೇಕು. ಹೊಟ್ಟೆಯು ತಮಟೆಯಂತೆ ಬಿಗಿದಿದ್ದರೆ ಬಲವಂತವಾಗಿ ಏನನ್ನೂ ಉಣಿಸಲಾಗದು. ಕಿವಿ ಹಿಡಿದೆತ್ತುವ ರೂಢಿಯನ್ನು ಬಿಡಬೇಕು. ಹಿಂಗಾಲಿಗೆ ಆಸರೆಯಿಲ್ಲದೆ ಎತ್ತಿದಾಗ ಒದ್ದಾಡಿ ಬೆನ್ನೆಲುಬು ಮುರಿಯುವುದುಂಟು.

ಮನೆಯಲ್ಲಿ ಉಳಿದ ಮನುಷ್ಯರ ಔಷಧಿಯನ್ನು ಕೊಡಲೇಬಾರದು. ಅಮಾಕ್ಸಿಸಿಲಿನ್‌ನಂತಹ ಮದ್ದು ಬಾಯಿಯ ಮೂಲಕ ಹೋದರೆ ಕರುಳಿನ ಹಿತಕರ ಸೂಕ್ಷ್ಮಾಣುಗಳು ನಾಶವಾಗಿ, ಮಾರಕವಾದ ಭೇದಿ ತಲೆದೋರಬಹುದು.

ಹನೂರಿನ ಕಾಡಂಚಿನ ಊರುಗಳಿಂದ ಪಶುವೈದ್ಯರ ಬಳಿಗೆ ಹೋಗುವುದಕ್ಕೇ ಬಹಳ ಹೊತ್ತು ಬೇಕು. ಆದುದರಿಂದ ಬೆಳಗ್ಗೆಯೂ ಸಂಜೆಯೂ ಮೇವಿನ ಬುಟ್ಟಿಯನ್ನೂ ಗೂಡಿನ ಕೆಳಗಣ ಹಿಕ್ಕೆಯನ್ನೂ ನೋಡುವ ಅಭ್ಯಾಸವೇ ಸಾಕುವವರಿಗೆ ಮೊದಲನೆಯ ಚಿಕಿತ್ಸೆಯೆಂದು ನಾವು ಭಾವಿಸುತ್ತೇವೆ.